ಗೇಮ್ ಪೆಟ್ಟಿಗೆಯ ನ್ಯಾಯಬೆಲೆ

“ಒಂದ್ಸಲ ಕರೆಂಟ್ ಹಾಕಿ ನೋಡ್ರಪ್ಪ. ಓಡ್ತದೋ ಇಲ್ವೋ ಗೊತ್ತಾಗ್ದೆ ಅದೇನ್ ರೇಟ್ ಕಟ್ಟೀರಿ?” ಎಂದಳು ಪಕ್ಕದ ಟೀ ಅಂಗಡಿಯ ದೊಡ್ಡಲಕ್ಷ್ಮಮ್ಮ.

ಕೆಂಪರಾಜು ಪ್ಲಗ್ಗಿಗೆ ಅಡ್ಡ ನಿಂತ. ಕರೆಂಟ್ ಹಾಕಿದರೆ ಕಥೆ ಮುಗಿಯಿತು. ಆ ವಿಡಿಯೋ ಗೇಮ್ ಪೆಟ್ಟಿಗೆಯೊಳಗಿನ ಬೋರ್ಡನ್ನು, ಅಂದರೆ ಆಟವೆಲ್ಲ ಅಡಗಿದ್ದ ಭಾಗವನ್ನೇ, ಅವನು ಹದಿನೈದು ದಿನದ ಹಿಂದೆ ಬಿಚ್ಚಿ ಮಾರಿಕೊಂಡಿದ್ದ.

“ಬ್ಯಾಡ, ಬ್ಯಾಡ!” ಎಂದು ಕೂಗಿದ. ಅದೇ ಹೊತ್ತಿಗೆ ತಮ್ಮ ಜಯಕುಮಾರನೂ ಅದನ್ನೇ ಕೂಗಿದ. ಮೂರು ವರ್ಷದಲ್ಲಿ ಅಣ್ಣತಮ್ಮಂದಿರು ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು.

“ಓಲ್ಟೇಜ್ ಸರಿಯಿಲ್ಲ ಕಣಮ್ಮಿ, ಸುಟ್ಟೋಗ್ಬುಟ್ರೆ?” ಎಂದು ಪಾಲು ಮಾಡಿಸಲು ಕೂತಿದ್ದ ಮುನಿರಾಮಯ್ಯನೂ ದನಿಗೂಡಿಸಿದ. ಕೆಂಪರಾಜುವಿಗೆ ಆ ಮುದುಕನ ಕಾಲಿಗೆ ಬೀಳೋಣವೆನ್ನಿಸಿತು.

ಚನ್ನಪಟ್ಟಣದ ಬಸ್‌ ಸ್ಟ್ಯಾಂಡಿನ ಹಿಂದಿನ ಈ ವಿಡಿಯೋ ಗೇಮ್ ಅಂಗಡಿಯನ್ನು ಇಬ್ಬರೂ ಹದಿನೈದು ವರ್ಷ ಜೊತೆಯಾಗಿ ನಡೆಸಿದ್ದರು. ಒಂದು ರೂಪಾಯಿ ಹಾಕಿದರೆ ಆಟದಲ್ಲಿ ಮೂರು ಜೀವ. ಬಿಡದಿಯ ಫ್ಯಾಕ್ಟರಿ ಬಸ್ಸುಗಳು ಊರಿನ ಹುಡುಗರನ್ನೆಲ್ಲ ತುಂಬಿಕೊಂಡು ಹೋಗತೊಡಗಿದ ಮೇಲೆ ಜೀವ ಕೊಳ್ಳುವವರೇ ಇಲ್ಲವಾದರು. ಅಂಗಡಿ ಬಾಗಿಲು ಹಾಕಿತು, ಜಗಳ ಬಾಗಿಲು ತೆಗೆಯಿತು. ಬೆಂಚು, ಫ್ಯಾನು, ಕೊನೆಗೆ ದೇವರ ಫೋಟೊ ಕೂಡ ಪಾಲಾದವು. ಉಳಿದದ್ದು, ಪರದೆಯ ಮುಂದೆ ಕಪ್ಪು ಗಾಜು ಹಾಕಿದ್ದ ಆಳೆತ್ತರದ ಈ ಪೆಟ್ಟಿಗೆ. ಇದನ್ನು ಗರಗಸ ಹಾಕಿ ಎರಡು ಮಾಡುವುದಕ್ಕೂ ಇಬ್ಬರೂ ತಯಾರಿದ್ದರು. ಮುನಿರಾಮಯ್ಯ ಬಿಡಲಿಲ್ಲ.

ಮುನಿರಾಮಯ್ಯ ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಬಾಯಿ ಬಿಡಿಸಿ ಹಲ್ಲು ಎಣಿಸದೆ ಹೋರಿಯ ಹಗ್ಗ ಮುಟ್ಟಿದವನಲ್ಲ. ಅಂಥವನು ಇವತ್ತು ಪೆಟ್ಟಿಗೆಯ ಹಿಂದಿನ ಹಲಗೆಯನ್ನು ತೆಗೆದು ಕೂಡ ನೋಡಲಿಲ್ಲ. ಕರೆಂಟಿನ ದನಕ್ಕೆ ಹಲ್ಲು ಎಲ್ಲಿರುತ್ತದೋ ಪಾಪ ಅವನಿಗೇನು ಗೊತ್ತು ಎಂದು ಕೆಂಪರಾಜು ಒಳಗೊಳಗೇ ನಕ್ಕ.

ಬೋರ್ಡು ಹೋದದ್ದು ಹೀಗೆ. ತಲೆಗೆ ಕೆಂಪು ಟೋಪಿ ಹಾಕಿಕೊಂಡ ಬೆಂಗಳೂರಿನವನೊಬ್ಬ ಮನೆ ಹುಡುಕಿಕೊಂಡು ಬಂದಿದ್ದ. ಹಳೆಯ ಗೇಮ್‌ಗಳನ್ನು ಕೂಡಿಡುವ ಹುಚ್ಚಂತೆ. “ಪೆಟ್ಟಿಗೆ ಬೇಡ, ಬೋರ್ಡ್ ಒಂದು ಸಾಕು. ಮೂರು ಸಾವಿರ. ನಿಮ್ಮ ತಮ್ಮನಿಗೆ ಹೇಳಬೇಡಿ” ಎಂದ. ಕೆಂಪರಾಜು ಚೌಕಾಸಿ ಮಾಡಲಿಲ್ಲ. ಕದ್ದ ಮಾಲಿಗೆ ಯಾರು ತಾನೇ ಚೌಕಾಸಿ ಮಾಡುತ್ತಾರೆ?

ಪಾಲು ಮುಗಿಯುವವರೆಗೆ ಅಂಗಡಿಯ ಬೀಗದ ಕೈ ಮುನಿರಾಮಯ್ಯನ ಹತ್ತಿರವಿತ್ತು. ಪೆಟ್ಟಿಗೆಗೆ ಶುಕ್ರವಾರದ ಪೂಜೆ ಮಾಡಬೇಕು ಎಂದದ್ದಕ್ಕೆ, “ನಿಧಾನ್ಕೆ ಮಾಡು ಕಣಪ್ಪ, ಅವಸರ ಇಲ್ಲ” ಎಂದು ಕೊಟ್ಟುಬಿಟ್ಟಿದ್ದ. ಹೆಂಡತಿಯ ಹರಿದ ಗಿಣಿಹಸಿರು ಸೀರೆಯಲ್ಲಿ ಬೋರ್ಡನ್ನು ಸುತ್ತಿಕೊಂಡು ಬಂದ ಕೆಂಪರಾಜು, ಬೀಗದ ಕೈ ಹಿಂದಿರುಗಿಸಿದಾಗ ಮುದುಕ ಸಂತೋಷಪಟ್ಟಿದ್ದ. “ನಾಳಿಕ್ಕೆ ಜಯನೂ ಕೇಳವ್ನೆ. ಅವಂದು ಶನಿವಾರದ ಪೂಜೆಯಂತೆ. ಅಣ್ಣತಮ್ಮ ಇಬ್ರಿಗೂ ಭಾರಿ ಭಕ್ತಿ ಐತೆ.”

ಈಗ ಪಾಲಿನ ಪದ್ಧತಿ. ಅಣ್ಣ ಬೆಲೆ ಹೇಳಬೇಕು, ಪೆಟ್ಟಿಗೆಯೋ ದುಡ್ಡೋ ತಮ್ಮ ಆರಿಸಿಕೊಳ್ಳಬೇಕು. ಪೆಟ್ಟಿಗೆ ತೆಗೆದುಕೊಂಡವನು ಇನ್ನೊಬ್ಬನಿಗೆ ಅರ್ಧ ದುಡ್ಡು ಕೊಡಬೇಕು. ಹೇಗಾದರೂ ಮಾಡಿ ಈ ಖಾಲಿ ಡಬ್ಬವನ್ನು ತಮ್ಮನ ತಲೆಗೆ ಕಟ್ಟಬೇಕು. ಇಲ್ಲದಿದ್ದರೆ ತನ್ನ ಕಳ್ಳತನಕ್ಕೆ ತಾನೇ ದುಡ್ಡು ತೆತ್ತಂತೆ. ಯಾರಾದರೂ ಹಲಗೆ ತೆಗೆದರಂತೂ ಊರಲ್ಲಿ ಮಾನ ಮೂರು ಕಾಸಿಗೆ ಹರಾಜು.

“ನಾಕ್ ಸಾವ್ರ” ಎಂದ ಕೆಂಪರಾಜು, ತಮ್ಮನ ಬಾಯಲ್ಲಿ ನೀರೂರುವಷ್ಟು ಅಗ್ಗವಾಗಿ.

ಜಯಕುಮಾರ ಪೆಟ್ಟಿಗೆಯ ಅರಗು ಬಣ್ಣದ ಮರದ ಹಿಡಿಯನ್ನು ಸವರಿದ. ಕಣ್ಣಲ್ಲಿ ನೀರು. “ನೀನೇ ಮಡಿಕೊ ಅಣ್ಣ. ಹಿರೀಕ ನೀನು.”

“ಇಲ್ಲ ಕಣ್ಲಾ, ನೀನು ಆಡಿ ಬೆಳ್ದಿದ್ದು. ಹೋಗ್ಲಿ, ಮೂರ್ ಸಾವ್ರಕ್ಕೆ ತಗೊ.”

“ನಿನ್ ಕೈಯಿಂದ ಕಿತ್ಕಂಡ್ರೆ ನಂಗೆ ಒಳ್ಳೇದಾದದಾ? ಎರಡಕ್ಕೇ ನೀನು ತಗೊ ಅಣ್ಣ.”

ಪ್ರೀತಿ ಏರಿದಂತೆಲ್ಲ ಬೆಲೆ ಇಳಿಯಿತು. ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವರ ಫೋಟೊಗಾಗಿ ಕೊರಳಪಟ್ಟಿ ಹಿಡಿದುಕೊಂಡವರು ಇವರೇನಾ ಎಂದು ಅವಳಿಗೆ ಅನುಮಾನ ಬಂದಿರಬೇಕು.

ಮುನಿರಾಮಯ್ಯ ಗಂಟಲು ಸರಿಮಾಡಿಕೊಂಡ. “ಇಂಥ ಅಣ್ಣತಮ್ಮಂದ್ರನ್ನ ನಾ ಕಂಡಿಲ್ಲ. ನಿಮ್ಮಿಬ್ರ ಮನ್ಸು ಮುರಿಯೋದ್ ಬ್ಯಾಡ. ಎರಡ್ ಸಾವ್ರಕ್ಕೆ ನಾನೇ ತಗತೀನಿ, ತಲಾ ಒಂದೊಂದು. ಹಲಗೆ ತೆಗ್ದು ನೋಡಕಿಲ್ಲ, ಆಮೇಲ್ ದೂರಾಕಿಲ್ಲ. ಆಗ್ಬೋದಾ?”

ಮಾತು ಮುಗಿಯುವ ಮೊದಲೇ ಇಬ್ಬರ ಒಪ್ಪಿಗೆಯೂ ಬಂತು. ನೋಟು ಕೈಗೆ ಬಿತ್ತು. ಮುದುಕ ಮೋಸಹೋದ ಎಂದು ಕೆಂಪರಾಜುವಿಗೆ ಒಸಿ ಮರುಕವೂ ಆಯಿತು. ಆ ಮರುಕಕ್ಕೇ ಪೆಟ್ಟಿಗೆಯನ್ನು ಮುದುಕ ಕರೆಸಿದ ಟೆಂಪೊಗೆ ತಾನೇ ಏರಿಸಿಕೊಡಲು ಮುಂದಾದ. ಜಯಕುಮಾರ ಇನ್ನೊಂದು ತುದಿ ಹಿಡಿದ.

ಹಿಂದೆ ನಾಲ್ಕು ಜನ ಏದುಸಿರು ಬಿಟ್ಟು ಹೊತ್ತ ಪೆಟ್ಟಿಗೆ ಖಾಲಿ ಕುಕ್ಕೆಯಂತೆ ಮೇಲೆದ್ದಿತು. ಕೆಂಪರಾಜು ತಬ್ಬಿಬ್ಬಾದ. ಅವನು ತೆಗೆದಿದ್ದ ಬೋರ್ಡು ಎರಡು ಕೆಜಿಯೂ ಇರಲಿಲ್ಲ. ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡುತ್ತಿದ್ದ.

ಟೆಂಪೊದ ಹಿಂಬಾಗಿಲು ತೆರೆಯಿತು. ಒಳಗೆ ಆಗಲೇ ಎರಡು ಗಂಟುಗಳಿದ್ದವು. ಒಂದು ಗಿಣಿಹಸಿರು ಸೀರೆಯದು. ಇನ್ನೊಂದು ದೊಡ್ಡದು, ಜಯಕುಮಾರನ ಮದುವೆಯ ಶಾಲಿನದು. ಅದರ ಸಂದಿಯಿಂದ ಪಿಕ್ಚರ್ ಟ್ಯೂಬಿನ, ಅಂದರೆ ಆಟದ ಪರದೆಯ, ಗಾಜು ಮಿಂಚುತ್ತಿತ್ತು. ಡ್ರೈವರ್ ಪಕ್ಕದಿಂದ ಕೆಂಪು ಟೋಪಿಯವನು ಇಳಿದು, ಇಬ್ಬರಿಗೂ ಪರಿಚಯದ ನಗೆ ನಕ್ಕು, ಪೆಟ್ಟಿಗೆಯ ಹಿಂದಿನ ಹಲಗೆಗೆ ಕೈಹಾಕಿದ.

“ತೆಗ್ದು ನೋಡೋದೇನೂ ಇಲ್ಲ ಸಾರ್, ಹಲ್ಲೆಲ್ಲ ನಾನೇ ಎಣ್ಸಿವ್ನಿ,” ಎಂದ ಮುನಿರಾಮಯ್ಯ. “ಬೋರ್ಡು, ಟ್ಯೂಬು, ಪೆಟ್ಟಿಗೆ, ಮೂರೂ ಸೇರ್ಬುಟ್ವು. ಮಾತಾಡ್ದಂಗೆ ನಲವತ್ ಸಾವ್ರ ಕೊಡಿ.”