ಎದುರು ಪಕ್ಷದ ಸಾಲು

ವೃಂದಾಳ ಬಾಯಿ ಕಟ್ಟಿಹೋಯಿತು. ಅಕ್ಕಿಆಲೂರಿನ ಗ್ರಂಥಾಲಯದಲ್ಲಿ ರಾಕೆಟ್ ಕಥೆಗಳ ಅಭಿಮಾನಿಗಳಿಗೂ ಕಾಲಯಾನದ ಕಥೆಗಳ ಅಭಿಮಾನಿಗಳಿಗೂ ಚರ್ಚೆ ನಡೆದಿತ್ತು. ತನ್ನ ಕಾಲಯಾನ ಪಕ್ಷದ ಅಚ್ಚುಮೆಚ್ಚಿನ ಕಾದಂಬರಿಯ ಕೊನೆಯ ಸಾಲನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ಅರ್ಧಕ್ಕೇ ನಿಂತುಬಿಟ್ಟಳು.

"ಮುಗೀತೇನ್ರಿ? ಇನ್ನ ಕರ್ಚೀಫ್ ತಗೀರಿ!" ಎಂದು ರಾಕೆಟ್ ಪಕ್ಷದ ಚನ್ನವೀರ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು. ಕಾಲಯಾನದವರೆಂದರೆ ಅಳುಬುರುಕರು ಎಂಬ ಮಾತನ್ನು ಹುಟ್ಟುಹಾಕಿದ್ದೇ ರಾಕೆಟ್ ಪಕ್ಷದ ಮುಖಂಡ ಮಾಲತೇಶ. ಇವತ್ತು ಅವನೊಬ್ಬನೇ ನಗಲಿಲ್ಲ. ಬೆಂಚಿನ ಕೆಳಗೆ ಅವನ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಬೆರಳು ಅಂಗಿಯ ಮೇಲಿನ ರಾಕೆಟ್ ಬ್ಯಾಡ್ಜನ್ನು ತಿರುವುತ್ತಲೇ ಇತ್ತು. ವೃಂದಾ ಮತ್ತೆ ಶುರುಮಾಡಿದಳು: "ಮಗಳೇ, ನೂರು ವರ್ಷ ದಾಟಿ ಬಂದೆ..." ಮತ್ತೆ ಅಲ್ಲೇ ತಡವರಿಸಿದಳು.

"...ನಿನ್ನ ಜಡೆ ಹೆಣೆಯುವ ಹೊತ್ತಿಗೆ ಮಾತ್ರ ತಲುಪಲಾರದೆ ಹೋದೆ," ಎಂದ ಮಾಲತೇಶ.

ಚನ್ನವೀರ ಅವನತ್ತ ತಿರುಗಿದ. "ಆ ಪುಸ್ತಕ ಮುಟ್ಟೇ ಇಲ್ಲ ಅಂತಿದ್ದೆಲ್ಲೋ?"

ಮಾಲತೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ವೃಂದಾ ವೇದಿಕೆ ಇಳಿದು ಬಂದು, ಮಡಿಸಿದ ಕರ್ಚೀಫೊಂದನ್ನು ಅವನ ಮುಂದೆ ಚಾಚಿದಳು.

"ತಗೋರಿ. ನಮ್ಮ ಪಕ್ಷದಾಗ ಎಲ್ಲಾರೂ ಎರಡೆರಡು ಇಟ್ಕೊಂಡಿರ್ತೇವಿ."