ಪೊರೆ ಬಿಡುವ ಹೊತ್ತು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ, ದೇವನಹಳ್ಳಿ ಕಡೆಯ ನಮ್ಮ ಹುಳುಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ತಟ್ಟೆಯಲ್ಲಿ ರೇಷ್ಮೆಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಹಸಿದಿರಬೇಕೆಂದು ನಾನು ಸೊಪ್ಪು ಹಾಕಲು ಹೋದರೆ ಅಜ್ಜಿ ಕೈ ಹಿಡಿದಳು.

"ಬೇಡ ಕಣೇ, ಪೊರೆ ಬಿಡ್ತಾವೆ. ಈಗ ತಿನ್ಸೋಕ್ ಹೋಗ್ಬಾರ್ದು, ಮುಟ್ಟಲೂಬಾರ್ದು."

"ಅತ್ತೇನೂ ಏನೂ ತಿಂತಿಲ್ವಲ್ಲಜ್ಜಿ?"

ಗಂಡನ ಮನೆ ಬಿಟ್ಟು ಬಂದಿದ್ದ ಅತ್ತೆ ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ವಾಪಸ್ ಕಳಿಸಿ ಎಂದು ಊರೆಲ್ಲ ಹೇಳುತ್ತಿತ್ತು. ಅಜ್ಜಿ ಆ ಕೋಣೆಯ ಬಾಗಿಲು ಮುಂದಕ್ಕೆ ಎಳೆದಳು.

ಸಂಜೆ ಅತ್ತೆ ತಲೆ ಬಾಚಿಕೊಂಡು ಹೊರಗೆ ಬಂದಳು.

"ಅಮ್ಮಾ, ಮುದ್ದೆ ಹಾಕು. ನಾನು ವಾಪಸ್ ಹೋಗಲ್ಲ. ನಾಳೆ ಗಾರ್ಮೆಂಟ್ಸಲ್ಲಿ ಕೆಲಸ ಕೇಳ್ಕೊಂಡ್ ಬರ್ತೀನಿ."

ಅಜ್ಜಿ ಮುದ್ದೆ ಇಟ್ಟು, ಸಾರು ಬಿಟ್ಟು, ನನ್ನತ್ತ ತಿರುಗಿದಳು.

"ಪೊರೆ ಬಿಟ್ಟು ಹುಳ ಎದ್ದಿರ್ತಾವೆ, ಸೊಪ್ಪು ಹಾಕು ಬಾರೇ."