ಎಂಜಲು ನೋಟು

ಗುತ್ತಿಗೆದಾರ ಉಂಡ ತಟ್ಟೆಯಲ್ಲೇ ಕೈ ತೊಳೆದು, ಪುಂಡಿಪಲ್ಲೆ ಕದಡಿದ ಆ ನೀರಿಗೆ ಐವತ್ತರ ನೋಟೊಂದನ್ನು ಬಿಟ್ಟ. "ತಗೊ, ಬಕ್ಷೀಸ," ಎಂದ. ಚಂದಮ್ಮ ತಟ್ಟೆಯನ್ನೇ ನೋಡುತ್ತ ನಿಂತಳು. ವಾಡಿ ಸ್ಟೇಷನ್ನಿನ ಎದುರಿನ ಈ ಖಾನಾವಳಿಯಲ್ಲಿ ಬಡಿಸುವ ಕೆಲಸಕ್ಕೆ ಅವಳು ಸೇರಿದ್ದು ಮೊನ್ನೆಯಷ್ಟೇ. "ಯಾಕ, ಕೈ ಹೊಲಸಾಗ್ತದೇನು?" ಎಂದು ಅವನು ಕೇಳಿದಾಗ ಜೊತೆಗಾರರು ನಕ್ಕರು. ಗಲ್ಲಾದ ಮೇಲಿದ್ದ ಮಾಲೀಕ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಚಂದಮ್ಮ ತಟ್ಟೆ ಎತ್ತಿ, ಅವರೆಲ್ಲ ನೋಡುತ್ತಿರುವಂತೆಯೇ, ನೋಟಿನ ಸಮೇತ ಮುಸುರೆ ಬಕೆಟ್ಟಿಗೆ ಸುರಿದಳು. ನಗು ನಿಂತಿತು. ತಲೆ ಎತ್ತಿಕೊಂಡೇ ಬಕೆಟ್ ಹಿಡಿದು ಅಡುಗೆಮನೆಗೆ ನಡೆದಳು.

ಪಾತ್ರೆ ತಿಕ್ಕುವ ಮುದುಕಿ ಆಶಾಬಿ ಬಾಗಿಲ ಸಂದಿಯಿಂದ ಎಲ್ಲ ಕಂಡಿದ್ದಳು. ಮೊಣಕೈತನಕ ಬಕೆಟ್ಟಿಗೆ ಕೈ ಹಾಕಿ, ತಡಕಾಡಿ ನೋಟು ತೆಗೆದು, ನಳದ ಕೆಳಗೆ ಹಿಡಿದು ತೊಳೆದಳು.

"ನನಗ ಬ್ಯಾಡದು," ಎಂದಳು ಚಂದಮ್ಮ.

"ಬ್ಯಾಡಂದ್ರ ಹ್ಯಾಂಗವ್ವಾ? ಮಾಲಕ ನಿನ್ನ ಪಗಾರಾ ಹೇಳುವಾಗ ಈ ಬಕ್ಷೀಸೂ ಸೇರಿಸೇ ಹೇಳ್ಯಾನ. ನಿನ್ನ ಸಿಟ್ಟು ಆರೂದ್ರಾಗ ಇದೂ ಒಣಗ್ತದ."

ಆಶಾಬಿ ಒದ್ದೆ ನೋಟನ್ನು ಒಲೆಯ ಹಿಂದಿನ ಬಿಸಿ ಗೋಡೆಗೆ ಅಂಟಿಸಿದಳು. ಚಂದಮ್ಮ ಆ ಗೋಡೆಯನ್ನು ಸರಿಯಾಗಿ ನೋಡಿದ್ದು ಆಗಲೇ. ಕಿಟ್ಟಗಟ್ಟಿದ ಮಸಿಯ ತುಂಬ, ಮುದುಕಿಯ ಕೈ ಎಟುಕುವಷ್ಟು ಎತ್ತರಕ್ಕೂ, ನೋಟು ಅಂಟಿಸಿ ಕಿತ್ತ ಬಿಳಿ ಗುರುತುಗಳಿದ್ದವು.